ಸಣ್ಣ ದೇಶಕ್ಕೆ ಒಗ್ಗುವ ಹಸಿರು ದಾರಿ ಯಾವುದು? ಕೆಟ್ಟ ವರ್ಷವನ್ನು ಅಳತೆಗೋಲಾಗಿಟ್ಟುಕೊಂಡ ಒಂದು ಹೋಲಿಕೆ

2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತವು ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪಕ್ಕೆ ಅಪ್ಪಳಿಸಿದಾಗ ಉಂಟಾದ ಹಾನಿ ಮತ್ತು ನಷ್ಟದ ಒಟ್ಟು ಮೊತ್ತ ಆ ದೇಶದ ಜಿಡಿಪಿಯ ಶೇ. 226ರಷ್ಟಿತ್ತು. ಇಡೀ ದೇಶ ಎರಡು ವರ್ಷ ದುಡಿದು ಗಳಿಸುವುದಕ್ಕಿಂತ ಹೆಚ್ಚಿನದು ಒಂದೇ ರಾತ್ರಿಯಲ್ಲಿ ಕೈಬಿಟ್ಟುಹೋಯಿತು. ದೊಡ್ಡ ದೇಶದ ಒಂದು ಪ್ರಾಂತ್ಯ ಮುಳುಗಿದರೆ ಉಳಿದ ಪ್ರಾಂತ್ಯಗಳ ತೆರಿಗೆ ಹಣ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಸಣ್ಣ ದೇಶಕ್ಕೆ ಹಾಗೆ ಆಸರೆಯಾಗಬಲ್ಲ ಇನ್ನೊಂದು ಭಾಗವೇ ಇರುವುದಿಲ್ಲ. ರಫ್ತು ಮಾಡುವ ಸರಕು ಒಂದೋ ಎರಡೋ, ಇಂಧನ ಮತ್ತು ಆಹಾರ ಬಹುಪಾಲು ಹೊರಗಿನಿಂದ ಬರಬೇಕು, ಸರ್ಕಾರಿ ಕಚೇರಿಗಳಲ್ಲಿ ಒಬ್ಬನೇ ಅಧಿಕಾರಿ ಮೂರು ಇಲಾಖೆಗಳ ಕಡತ ನೋಡುತ್ತಿರುತ್ತಾನೆ.

ಇಂಥ ದೇಶದ ಮುಂದೆ ಹಸಿರು ಆರ್ಥಿಕತೆಯ ಹೆಸರಿನಲ್ಲಿ ಇಂದು ಹತ್ತಾರು ಯೋಜನೆಗಳಿವೆ. ನವೀಕರಿಸಬಹುದಾದ ವಿದ್ಯುತ್, ಕಾಡು ಉಳಿಸಿದ್ದಕ್ಕೆ ಹಣ, ಕಾರ್ಬನ್ ಕ್ರೆಡಿಟ್ (ಗಾಳಿಗೆ ಸೇರದಂತೆ ತಡೆದ ಇಂಗಾಲದ ಲೆಕ್ಕದಲ್ಲಿ ಮಾರುವ ಪತ್ರ), ದುಬಾರಿ ಪ್ರವಾಸೋದ್ಯಮ, ಸಾಲಕ್ಕೆ ಬದಲಾಗಿ ನಿಸರ್ಗ ರಕ್ಷಣೆ, ಸಾವಯವ ಕೃಷಿ ಎಲ್ಲವನ್ನೂ ಅವುಗಳ ಪ್ರತಿಪಾದಕರು ಸಮಾನ ಉತ್ಸಾಹದಿಂದ ಮುಂದಿಡುತ್ತಾರೆ. ಎಷ್ಟು ಟನ್ ಇಂಗಾಲ ಉಳಿಯಿತು ಎಂಬುದನ್ನಷ್ಟೇ ನೋಡಿ ಇವುಗಳಲ್ಲಿ ಆರಿಸಿಕೊಳ್ಳುವುದು ಸಣ್ಣ ದೇಶಕ್ಕೆ ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮಳೆ ಕೈಕೊಟ್ಟ, ಪ್ರವಾಸಿಗರು ಬಾರದ, ತೈಲದ ಬೆಲೆ ಏರಿದ ಅಥವಾ ಬಿರುಗಾಳಿ ಬೀಸಿದ ವರ್ಷದಲ್ಲಿ ಈ ಯೋಜನೆಯ ನಷ್ಟ ಯಾರ ಪಾಲಿಗೆ ಬೀಳುತ್ತದೆ? ಆ ಬಳಿಕ ನೋಡಬೇಕಾದದ್ದು ದೇಶದ ಬೆರಳೆಣಿಕೆಯ ಅಧಿಕಾರಿಗಳು ಅದನ್ನು ತಾವೇ ನಡೆಸಬಲ್ಲರೇ ಎಂಬುದನ್ನು. ಮುಂದಿನ ಹೋಲಿಕೆಯೆಲ್ಲ ಈ ನೆಲೆಯ ಮೇಲೆಯೇ ನಿಂತಿದೆ.

ವಿದ್ಯುತ್: ಉರುಗ್ವೆ, ಭೂತಾನ್, ಐಸ್‌ಲ್ಯಾಂಡ್

ಸುಮಾರು 34 ಲಕ್ಷ ಜನರ ಉರುಗ್ವೆಯಲ್ಲಿ ಕಲ್ಲಿದ್ದಲಾಗಲೀ ತೈಲವಾಗಲೀ ಸಿಗುವುದಿಲ್ಲ. ದೊಡ್ಡ ಅಣೆಕಟ್ಟುಗಳಿಗೆ ತಕ್ಕ ಜಾಗಗಳನ್ನು ಅದು ಇಪ್ಪತ್ತನೆಯ ಶತಮಾನದಲ್ಲೇ ಬಳಸಿ ಮುಗಿಸಿತ್ತು. ಆದ್ದರಿಂದ ಬರ ಬಂದ ವರ್ಷಗಳಲ್ಲಿ ನೀರಿನ ಕೊರತೆಯನ್ನು ದುಬಾರಿ ಆಮದು ತೈಲದಿಂದ ತುಂಬಬೇಕಾಗುತ್ತಿತ್ತು ಮತ್ತು ಆ ಹೊರೆ ನೇರವಾಗಿ ಖಜಾನೆಗೆ ತಟ್ಟುತ್ತಿತ್ತು. 2008ರಲ್ಲಿ ಇಂಧನ ವಿಭಾಗದ ನಿರ್ದೇಶಕರಾದ ಭೌತವಿಜ್ಞಾನಿ ರಾಮೋನ್ ಮೆಂಡೆಸ್ ಅವರ ಕಾಲದಲ್ಲಿ ರೂಪುಗೊಂಡ ದೀರ್ಘಾವಧಿ ನೀತಿಯನ್ನು 2010ರಲ್ಲಿ ವಿರೋಧ ಪಕ್ಷಗಳೂ ಒಪ್ಪಿಕೊಂಡವು. ನನಗೆ ಇದು ಇಡೀ ಕಥೆಯ ಅತಿ ಮುಖ್ಯ ಅಂಶವಾಗಿ ಕಾಣುತ್ತದೆ, ಏಕೆಂದರೆ ಸರ್ಕಾರ ಬದಲಾದರೂ ಒಪ್ಪಂದ ಬದಲಾಗದು ಎಂಬ ನಂಬಿಕೆಯೇ ಹೂಡಿಕೆದಾರರು ಕಡಿಮೆ ದರ ಹೇಳುವಂತೆ ಮಾಡಿತು. ಸರ್ಕಾರಿ ವಿದ್ಯುತ್ ಕಂಪನಿಯಾದ ಯುಟಿಇ ಪವನ ವಿದ್ಯುತ್ತಿಗೆ ಪೈಪೋಟಿಯ ಟೆಂಡರ್ ಕರೆದು, ಗೆದ್ದವರಿಂದ 20 ವರ್ಷಗಳ ಕಾಲ ನಿಗದಿತ ದರದಲ್ಲಿ ವಿದ್ಯುತ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಗಾಳಿಯಂತ್ರಗಳು ಸಕಾಲಕ್ಕೆ ನಿಲ್ಲದಿದ್ದರೆ, ನಿರ್ಮಾಣದ ವೆಚ್ಚ ಏರಿದರೆ ಆ ನಷ್ಟ ಕಟ್ಟಿದವರದ್ದು. ಹತ್ತು ವರ್ಷಗಳೊಳಗೆ ಪವನ ವಿದ್ಯುತ್ತಿನ ಪಾಲು ಹೆಚ್ಚುಕಡಿಮೆ ಸೊನ್ನೆಯಿಂದ ಮೂರನೇ ಒಂದು ಭಾಗದ ಆಸುಪಾಸಿಗೆ ಏರಿತು. ಒಳ್ಳೆಯ ಮಳೆಯ ವರ್ಷಗಳಲ್ಲಿ ದೇಶದ ವಿದ್ಯುತ್ತಿನಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ನವೀಕರಿಸಬಹುದಾದ ಮೂಲಗಳಿಂದಲೇ ಬಂದಿದೆ. ಗಾಳಿ ಬೀಸುವಾಗ ಜಲಾಶಯದ ನೀರನ್ನು ಉಳಿಸಿಕೊಂಡು, ಗಾಳಿ ನಿಂತಾಗ ಅದನ್ನು ಹರಿಸುವುದರಿಂದ ಇವೆರಡೂ ಒಂದಕ್ಕೊಂದು ಪೂರಕವಾಗುತ್ತವೆ. 2023ರ ಬರದಲ್ಲಿ ರಾಜಧಾನಿ ಮೊಂಟೆವಿಡಿಯೋದ ನಲ್ಲಿಗಳಲ್ಲಿ ಉಪ್ಪುನೀರು ಬರುವಷ್ಟು ಕುಡಿಯುವ ನೀರಿಗೆ ತತ್ವಾರವಾದರೂ, ಅದಕ್ಕೆ ಸಮನಾದ ವಿದ್ಯುತ್ ಬಿಕ್ಕಟ್ಟು ತಲೆದೋರಲಿಲ್ಲ. ಈ ಮಾದರಿಗೂ ಒಂದು ಬೆಲೆಯಿದೆ: ಬೇಡಿಕೆಗಿಂತ ಹೆಚ್ಚು ವಿದ್ಯುತ್ ಉತ್ಪಾದನೆಯಾದಾಗಲೂ ಒಪ್ಪಂದದಂತೆ ಯುಟಿಇ ಹಣ ಕೊಡಲೇಬೇಕು. ಬ್ರೆಜಿಲ್ ಮತ್ತು ಅರ್ಜೆಂಟೀನಾಗಳ ವಿದ್ಯುತ್ ಜಾಲದ ಸಂಪರ್ಕ ಇಲ್ಲದಿದ್ದರೆ ಹೆಚ್ಚುವರಿಯನ್ನು ಮಾರುವ ದಾರಿಯೂ ಇರುತ್ತಿರಲಿಲ್ಲ.

ಭೂತಾನಿನ ದಾರಿ ಇದಕ್ಕಿಂತ ಹಳೆಯದು. 1980ರ ದಶಕದಲ್ಲಿ ಭಾರತದ ನೆರವಿನಿಂದ ನಿರ್ಮಾಣವಾದ 336 ಮೆಗಾವ್ಯಾಟ್ ಸಾಮರ್ಥ್ಯದ ಛುಖಾ ಯೋಜನೆಯ ವೆಚ್ಚದಲ್ಲಿ ಶೇ. 60 ಅನುದಾನವಾಗಿತ್ತು, ಶೇ. 40 ಮಾತ್ರ ಸಾಲವಾಗಿತ್ತು. ಹೆಚ್ಚುವರಿ ವಿದ್ಯುತ್ತನ್ನು ಕೊಳ್ಳುವ ಹೊಣೆಯೂ ಭಾರತದ್ದೇ ಆಗಿತ್ತು. ಭೂತಾನಿಗೆ ಅದೊಂದು ಅತ್ಯುತ್ತಮ ಒಪ್ಪಂದ. ಮುಂದೆ 1,200 ಮೆಗಾವ್ಯಾಟ್‌ನ ಪುನತ್ಸಾಂಗ್‌ಛು ಒಂದನೇ ಯೋಜನೆಯ ಹೊತ್ತಿಗೆ ಈ ಪ್ರಮಾಣ ತಲೆಕೆಳಗಾಗಿ ಅನುದಾನ ಶೇ. 40ಕ್ಕೆ ಇಳಿಯಿತು, 2019ರಲ್ಲಿ ಚಾಲನೆಗೊಂಡ 720 ಮೆಗಾವ್ಯಾಟ್‌ನ ಮಾಂಗ್‌ದೇಛು ಯೋಜನೆಯಲ್ಲಿ ಶೇ. 30ಕ್ಕೆ ಬಂದಿತು. ಪುನತ್ಸಾಂಗ್‌ಛು ಒಂದರ ಅಣೆಕಟ್ಟಿನ ಬಲದಂಡೆಯ ಗುಡ್ಡ 2013ರಲ್ಲಿ ಜಾರತೊಡಗಿದ ಮೇಲೆ ಆ ಕಾಮಗಾರಿ ವರ್ಷಗಟ್ಟಲೆ ಕುಂಟಿತು, ವೆಚ್ಚ ಹಲವು ಪಟ್ಟು ಏರಿತು. ಇಲ್ಲಿ ಗಮನಿಸಬೇಕಾದದ್ದು ತಂತ್ರಜ್ಞಾನವೂ ನೆರವು ಕೊಡುವ ದೇಶವೂ ಅವೇ ಇದ್ದು ಅಪಾಯದ ಹಂಚಿಕೆ ಮಾತ್ರ ಬದಲಾದದ್ದನ್ನು: ಗುಡ್ಡ ಕುಸಿದಾಗಿನ ನಷ್ಟದಲ್ಲಿ ಸಾಲಗಾರನ ಪಾಲು ಹಿಂದೆಂದಿಗಿಂತ ದೊಡ್ಡದಾಯಿತು. ಇದರ ಜೊತೆಗೆ ಭೂತಾನಿನ ಸ್ಥಾವರಗಳು ಬಹುತೇಕ ಹರಿಯುವ ನೀರನ್ನೇ ನಂಬಿರುವುದರಿಂದ, ಬೇಸಿಗೆ ಮತ್ತು ಮಳೆಗಾಲದಲ್ಲಿ ರಫ್ತು ಮಾಡುವ ದೇಶ ನದಿಗಳು ಸೊರಗುವ ಚಳಿಗಾಲದಲ್ಲಿ ವಿದ್ಯುತ್ತನ್ನು ಆಮದು ಮಾಡಿಕೊಳ್ಳಬೇಕಾಗುತ್ತದೆ.

ಐಸ್‌ಲ್ಯಾಂಡಿನ ಭೂಶಾಖವನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿನ ಸುಮಾರು ಶೇ. 90 ಮನೆಗಳು ಬೆಚ್ಚಗಿರುವುದು ನೆಲದಾಳದ ಬಿಸಿನೀರಿನಿಂದಲೇ. ಜ್ವಾಲಾಮುಖಿಗಳಿಲ್ಲದ ದೇಶ ಅದನ್ನು ಅನುಕರಿಸಲಾರದು, ಆದರೆ ಆ ದೇಶ ಹಣಕಾಸಿನಲ್ಲಿ ತೋರಿದ ಜಾಣ್ಮೆಯನ್ನು ಯಾರು ಬೇಕಾದರೂ ಅನುಸರಿಸಬಹುದು. ನೆಲ ಕೊರೆದಾಗ ಬಿಸಿನೀರು ಸಿಗದೇ ಹೋಗುವ ಅಪಾಯವನ್ನು ಸಣ್ಣ ಊರಿನ ಪುರಸಭೆ ಹೊರಲಾರದು ಎಂಬುದನ್ನು ಅರಿತು, 1967ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಇಂಧನ ನಿಧಿಯಿಂದ ಕೊರೆತಕ್ಕೆ ಸಾಲ ಕೊಡಲಾಯಿತು. ಕೊರೆತ ವಿಫಲವಾದರೆ ಆ ಸಾಲವನ್ನೇ ಅನುದಾನವೆಂದು ಪರಿಗಣಿಸಲಾಗುತ್ತಿತ್ತು. ಅದೇ ಐಸ್‌ಲ್ಯಾಂಡ್ ತನ್ನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೆಲವೇ ಅಲ್ಯೂಮಿನಿಯಂ ಕಾರ್ಖಾನೆಗಳಿಗೆ ಒದಗಿಸುತ್ತದೆ ಎಂಬುದನ್ನೂ ಮರೆಯಬಾರದು. ಮೂಲ ಹಸಿರಾಗಿದ್ದರೂ ಕೊಳ್ಳುವವರು ಬೆರಳೆಣಿಕೆಯಷ್ಟೇ ಇದ್ದರೆ ದೇಶ ಅವರ ಕೈಯಲ್ಲಿರುತ್ತದೆ.

ಈ ಮೂರರಲ್ಲಿ ಒಂದನ್ನು ಆರಿಸಬೇಕಾದ ದೇಶಕ್ಕೆ ನಾನು ಉರುಗ್ವೆಯ ದಾರಿಯನ್ನೇ ಸೂಚಿಸುತ್ತೇನೆ, ಆದರೆ ಒಂದು ಷರತ್ತಿನೊಂದಿಗೆ: ಟೆಂಡರ್ ಬರೆಯಬಲ್ಲ, ಬಿಲ್ಲನ್ನು ಸಕಾಲಕ್ಕೆ ಪಾವತಿಸಬಲ್ಲ, ನಂಬಿಕಸ್ಥ ವಿದ್ಯುತ್ ಕಂಪನಿ ಆ ದೇಶದಲ್ಲಿರಬೇಕು. ಇಲ್ಲದಿದ್ದರೆ ಮೊದಲ ಹೂಡಿಕೆ ಆ ಕಂಪನಿಯ ಸುಧಾರಣೆಗೇ ಹೋಗಲಿ. ನದಿಗಳೇ ಸಂಪತ್ತಾಗಿರುವ ದೇಶ ಜಲವಿದ್ಯುತ್ತನ್ನು ಬಿಡಬೇಕಾಗಿಲ್ಲ, ಆದರೆ ಕಾಮಗಾರಿ ವಿಳಂಬವಾದಾಗ ಬಡ್ಡಿ ಯಾರು ಕಟ್ಟಬೇಕು ಎಂಬ ಕಲಮನ್ನು ಸಹಿಗೆ ಮುನ್ನ ಹತ್ತು ಸಲ ಓದಬೇಕು. ನೆರೆಯ ಜಾಲಕ್ಕೆ ಸೇರಲಾಗದ ಒಂಟಿ ದ್ವೀಪಗಳು ಸೌರ ಮತ್ತು ಪವನ ವಿದ್ಯುತ್ತಿಗೆ ಬ್ಯಾಟರಿಗಳನ್ನು ಜೋಡಿಸಿ, ಹಳೆಯ ಡೀಸೆಲ್ ಜನರೇಟರುಗಳನ್ನು ತುರ್ತಿಗೆಂದು ಉಳಿಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಉತ್ಪಾದನೆಯ ಬಗೆಗಿನ ಚರ್ಚೆಯಲ್ಲಿ ಬಳಕೆಯ ಮಾತು ಮರೆತೇಹೋಗುತ್ತದೆ. ಬಾರ್ಬಡೋಸ್ 1974ರ ತೆರಿಗೆ ರಿಯಾಯಿತಿ ಕಾಯ್ದೆಯಡಿ ಸೋಲಾರ್ ವಾಟರ್ ಹೀಟರ್ ತಯಾರಕರಿಗೆ ಕಚ್ಚಾವಸ್ತುಗಳ ಆಮದು ಸುಂಕದಿಂದ ವಿನಾಯಿತಿ ನೀಡಿತು, ವಿದ್ಯುತ್ ಹೀಟರುಗಳ ಮೇಲೆ ತೆರಿಗೆ ಹೆಚ್ಚಿಸಿತು. ದೊಡ್ಡ ಸಾಲವಿಲ್ಲದೆ, ವಿದೇಶಿ ತಜ್ಞರಿಲ್ಲದೆ, ಸ್ಥಳೀಯ ಕಾರ್ಖಾನೆಗಳು ಮತ್ತು ಕೆಲಸಗಾರರು ಹುಟ್ಟಿಕೊಂಡು, ಜನಸಂಖ್ಯೆಗೆ ಹೋಲಿಸಿದರೆ ಸೌರ ಬಿಸಿನೀರಿನ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಅದು ಸೇರಿತು. ಈ ಯೋಜನೆಯಲ್ಲಿ ಕೆಟ್ಟ ವರ್ಷ ಎಂಬುದೇ ಇಲ್ಲ: ತೈಲದ ಬೆಲೆ ಏರಿದಷ್ಟೂ ಉಳಿತಾಯ ಹೆಚ್ಚು. ಯಾವ ದಾರಿ ಹಿಡಿದ ದೇಶವಾದರೂ ಇಂಥದ್ದನ್ನು ಮೊದಲ ವರ್ಷವೇ ಮಾಡಬಹುದು.

ಕಾಡು: ತೆರಿಗೆಯಿಂದ ಪಾವತಿಯೇ, ಮಾರುಕಟ್ಟೆಗೆ ಮಾರಾಟವೇ?

ಕೋಸ್ಟರಿಕ 1996ರ ಅರಣ್ಯ ಕಾಯ್ದೆಯ ಮೂಲಕ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು: ಕಾಡನ್ನು ಕಡಿದು ಬೇರೆ ಬಳಕೆಗೆ ಪರಿವರ್ತಿಸುವುದನ್ನು ನಿಷೇಧಿಸಿತು ಮತ್ತು ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಇಂಗಾಲ, ನೀರು, ಜೀವವೈವಿಧ್ಯ, ನಿಸರ್ಗ ಸೌಂದರ್ಯ ಎಂಬ ನಾಲ್ಕು ಸೇವೆಗಳಿಗಾಗಿ ಹಣ ಕೊಡತೊಡಗಿತು. ಫೊನಾಫಿಫೊ ಎಂಬ ಸರ್ಕಾರಿ ನಿಧಿ ಇದನ್ನು ನಡೆಸುತ್ತದೆ. ಇಂಧನ ತೆರಿಗೆಯ ಆದಾಯದಲ್ಲಿ ಶೇ. 3.5 ಭಾಗ ಇದಕ್ಕೆ ಮೀಸಲು. 1980ರ ದಶಕದಲ್ಲಿ ನೆಲದ ಕಾಲು ಭಾಗದ ಆಸುಪಾಸಿಗೆ ಕುಸಿದಿದ್ದ ಕಾಡು ಇಂದು ಅರ್ಧಕ್ಕಿಂತ ಹೆಚ್ಚು ನೆಲವನ್ನು ಆವರಿಸಿದೆ. ಇದರ ಶ್ರೇಯವೆಲ್ಲ ಪಾವತಿಗೇ ಸಲ್ಲುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಗೋಮಾಂಸದ ಬೆಲೆ ಕುಸಿದು ಹುಲ್ಲುಗಾವಲುಗಳು ಲಾಭ ಕೊಡದಾದದ್ದು, ಕಡಿತದ ನಿಷೇಧ, ಪ್ರವಾಸೋದ್ಯಮದ ಬೆಳವಣಿಗೆ ಇವೂ ಜೊತೆಗೂಡಿದವು. ಆದರೆ ಆ ನಿಷೇಧವನ್ನು ರೈತರಿಗೆ ಸಹನೀಯವಾಗಿಸಿದ್ದು ಪಾವತಿಯೇ ಎಂದು ನಾನು ಭಾವಿಸುತ್ತೇನೆ. ಹಣ ಹುಟ್ಟುವುದು ದೇಶದೊಳಗಿನ ತೆರಿಗೆಯಿಂದಾದ್ದರಿಂದ ದರ ಎಷ್ಟು, ಯಾರಿಗೆ ಆದ್ಯತೆ ಎಂಬುದನ್ನು ಹೊರಗಿನವರು ನಿರ್ಧರಿಸುವುದಿಲ್ಲ. ಇದರ ದೌರ್ಬಲ್ಯವೂ ಅಲ್ಲೇ ಇದೆ: ವಾಹನಗಳೆಲ್ಲ ವಿದ್ಯುತ್ತಿಗೆ ತಿರುಗಿದರೆ ಇಂಧನ ತೆರಿಗೆ ಇಳಿಯುತ್ತದೆ, ಕಾಡಿನ ನಿಧಿಯೂ ಅದರೊಂದಿಗೆ ಕುಗ್ಗುತ್ತದೆ. ಹೊಸದಾಗಿ ಆರಂಭಿಸುವ ದೇಶ ನೀರಿನ ಶುಲ್ಕವನ್ನೂ ಮೊದಲಿನಿಂದಲೇ ಆಧಾರವಾಗಿ ಸೇರಿಸಿಕೊಳ್ಳುವುದು ಲೇಸು.

ಗಯಾನಾದ ದಾರಿ ಬೇರೆ. 2009ರಲ್ಲಿ ನಾರ್ವೆಯೊಂದಿಗೆ 25 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿದ್ದ ಆ ದೇಶ, 2022ರಲ್ಲಿ ಹೆಸ್ ಎಂಬ ತೈಲ ಕಂಪನಿಗೆ ಕನಿಷ್ಠ 75 ಕೋಟಿ ಡಾಲರ್ ಮೌಲ್ಯದ ಕಾರ್ಬನ್ ಕ್ರೆಡಿಟ್‌ಗಳನ್ನು ಮಾರಲು ಒಪ್ಪಿತು. ಆಗ ಆದಾಯದ ಶೇ. 15 ಭಾಗವನ್ನು ಮೂಲನಿವಾಸಿಗಳ ಹಳ್ಳಿಗಳಿಗೆ ಮೀಸಲಿಡಲಾಯಿತು. ಮೊತ್ತ ದೊಡ್ಡದು, ಕನಿಷ್ಠ ಬೆಲೆ ಮೊದಲೇ ನಿಗದಿಯಾದದ್ದು ಜಾಣತನ. ಆದರೆ ಕ್ರೆಡಿಟ್ ಮಾರುಕಟ್ಟೆಯ ಬೆಲೆ ಆ ದೇಶದ ಹಿಡಿತದಲ್ಲಿಲ್ಲ, ಅಳತೆಯ ನಿಯಮಗಳನ್ನು ಬರೆಯುವವರು ಬೇರೆಯವರು, ಮೇಲಾಗಿ ಮಾರಿದ ಕಾಡನ್ನು ಕೊಂಡವರು ತಮ್ಮ ಹೊಗೆಗೆ ರಹದಾರಿಯಾಗಿ ಬಳಸುತ್ತಾರೆ. ಗಯಾನಾ 2019ರ ಡಿಸೆಂಬರ್‌ನಿಂದ ತಾನೇ ಕಡಲಾಚೆಯ ತೈಲ ಎತ್ತುತ್ತಿದೆ ಎಂಬುದು ಇನ್ನೊಂದು ತೊಡಕು. ಆದ್ದರಿಂದ ಕಾರ್ಬನ್ ಕ್ರೆಡಿಟ್‌ನಿಂದ ಬರುವ ಹಣವನ್ನು ಶಾಲೆಯ ಶಿಕ್ಷಕರ ಸಂಬಳದಂಥ ನಿತ್ಯದ ವೆಚ್ಚಕ್ಕೆ ಹಚ್ಚದೆ, ತಡೆಗೋಡೆ, ಕಾಲುವೆ, ಸೌರಫಲಕಗಳಂಥ ಒಂದು ಸಲದ ಕೆಲಸಗಳಿಗೆ ಮಾತ್ರ ಬಳಸಬೇಕು.

ಕಡಲು ಮತ್ತು ಪ್ರವಾಸಿ

ಪೆಸಿಫಿಕ್ ಸಾಗರದ ದ್ವೀಪ ದೇಶಗಳ ಕಥೆ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು. ಟ್ಯೂನಾ ಮೀನಿನ ಬೃಹತ್ ಹಡಗುಗಳು ಬೇರೆ ಬೇರೆ ದ್ವೀಪಗಳೊಂದಿಗೆ ಪ್ರತ್ಯೇಕವಾಗಿ ಚೌಕಾಸಿ ಮಾಡಿ ಅಗ್ಗದ ಪರವಾನಗಿ ಪಡೆಯುತ್ತಿದ್ದ ಕಾಲದಲ್ಲಿ, 1982ರ ನೌರು ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಒಗ್ಗೂಡಿದವು. ಇಂದು ಕಿರಿಬಾಟಿ, ಟುವಾಲು, ಪಲಾವು, ಪಾಪುವಾ ನ್ಯೂಗಿನಿ ಸೇರಿ ಎಂಟು ದೇಶಗಳು ಇದರಲ್ಲಿವೆ. 2007ರಿಂದ ಅವು ಮೀನುಗಾರಿಕೆಯ ದಿನಗಳನ್ನು ಮಾರತೊಡಗಿದವು: ಎಲ್ಲ ದೇಶಗಳ ನೀರಿನಲ್ಲಿ ಒಟ್ಟು ಎಷ್ಟು ಹಡಗು ದಿನಗಳು ಎಂದು ಮಿತಿ ಹಾಕಿ, ದಿನಕ್ಕೊಂದು ಕನಿಷ್ಠ ದರ ನಿಗದಿಪಡಿಸಿದವು. ಆ ದರ 8,000 ಡಾಲರಿಗೆ ಏರಿತು. 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಒಟ್ಟು ಆದಾಯ ಕೆಲವೇ ವರ್ಷಗಳಲ್ಲಿ 50 ಕೋಟಿಯ ಹತ್ತಿರ ಬಂದಿತು. ಎಲ್‌ನಿನೋ ವರ್ಷಗಳಲ್ಲಿ ಟ್ಯೂನಾ ಪೂರ್ವಕ್ಕೆ ಸರಿಯುತ್ತದೆ, ಮೀನು ಬಿಟ್ಟುಹೋದ ದೇಶ ತನ್ನ ದಿನಗಳನ್ನು ಮೀನು ಬಂದ ದೇಶಕ್ಕೆ ಮಾರಿಕೊಳ್ಳಬಹುದು. ಒಬ್ಬರ ಕೆಟ್ಟ ವರ್ಷವನ್ನು ನೆರೆಯವರ ಒಳ್ಳೆಯ ವರ್ಷ ಸರಿದೂಗಿಸುವ ಏರ್ಪಾಡು ಯೋಜನೆಯ ಒಳಗೇ ಇದೆ. ಸಣ್ಣ ದೇಶಗಳು ಕಟ್ಟಿಕೊಂಡ ಹಸಿರು ಸಂಸ್ಥೆಗಳಲ್ಲಿ ಇದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಪ್ರವಾಸೋದ್ಯಮದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಭೂತಾನ್ ಪ್ರತಿ ರಾತ್ರಿಗೆ 65 ಡಾಲರ್ ಇದ್ದ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು 2022ರ ಸೆಪ್ಟೆಂಬರ್‌ನಲ್ಲಿ 200ಕ್ಕೆ ಏರಿಸಿ, ಒಂದೇ ವರ್ಷದಲ್ಲಿ 100ಕ್ಕೆ ಇಳಿಸಿತು. ಕಡಿಮೆ ಪ್ರವಾಸಿಗರು, ಹೆಚ್ಚು ಆದಾಯ ಎಂಬ ತತ್ವ ಸರಿಯಾದದ್ದೇ. ಆದರೆ ದರವನ್ನು ಹೀಗೆ ಏರಿಳಿಸಿದರೆ ಹೋಟೆಲು, ಮಾರ್ಗದರ್ಶಿ, ಚಾಲಕರ ಬದುಕು ತೂಗುಯ್ಯಾಲೆಯಾಗುತ್ತದೆ. ಕೋವಿಡ್ ಕಾಲದಲ್ಲಿ ಈ ಆದಾಯ ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತುಹೋದದ್ದನ್ನು ಎಲ್ಲರೂ ಕಂಡಿದ್ದಾರೆ. ಇದು ಎರಡನೆಯ ಆದಾಯವಾಗಿ ಇರಬಹುದು, ಮೊದಲನೆಯದಾಗಿ ಇರಕೂಡದು.

ವೇಗದ ಪ್ರಶ್ನೆ

ಕೃಷಿಯನ್ನು ಹಸಿರಾಗಿಸುವ ಯೋಜನೆಗಳಲ್ಲಿ ಏನನ್ನು ಆರಿಸುತ್ತೇವೆ ಎಂಬುದಕ್ಕಿಂತ ಎಷ್ಟು ವೇಗದಲ್ಲಿ ಎಂಬುದು ದೊಡ್ಡ ಪ್ರಶ್ನೆ. ಶ್ರೀಲಂಕಾ 2021ರ ಏಪ್ರಿಲ್ ಕೊನೆಯಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಲು ನಿರ್ಧರಿಸಿತು. ವಿದೇಶಿ ವಿನಿಮಯ ಉಳಿಸುವ ಒತ್ತಡವೂ ಅದರ ಹಿಂದಿತ್ತು. ಸಾವಯವ ಗೊಬ್ಬರದ ಪೂರೈಕೆ ಸಿದ್ಧವಿರಲಿಲ್ಲ, ರೈತರಿಗೆ ತರಬೇತಿ ಇರಲಿಲ್ಲ. ಭತ್ತದ ಇಳುವರಿ ಕುಸಿದು, ಚಹಾ ಬೆಳೆಗೂ ಪೆಟ್ಟು ಬಿದ್ದು, ನವೆಂಬರ್ ಹೊತ್ತಿಗೆ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಉಳಿಸಲು ಹೊರಟ ಡಾಲರುಗಳು ಅಕ್ಕಿಯ ಆಮದಿಗೆ ಖರ್ಚಾದವು, ರೈತರಿಗೆ ಪರಿಹಾರ ಕೊಡುವ ಹೊರೆಯೂ ಮೇಲೆ ಬಿತ್ತು. ಇಲ್ಲಿ ನಷ್ಟದ ದೊಡ್ಡ ಪಾಲು ಬಿದ್ದದ್ದು ಅದನ್ನು ತಾಳಿಕೊಳ್ಳುವ ಶಕ್ತಿ ಅತ್ಯಂತ ಕಡಿಮೆಯಿದ್ದ ಸಣ್ಣ ಹಿಡುವಳಿದಾರರ ಮೇಲೆ. ಒಂದು ಬೆಳೆ, ಒಂದು ಜಿಲ್ಲೆ, ಮೂರು ಹಂಗಾಮು ಎಂದು ಹಂತ ಹಂತವಾಗಿ ಹೋಗುವ ತಾಳ್ಮೆಯಿಲ್ಲದ ಸರ್ಕಾರ ಕೃಷಿಗೆ ಕೈಹಾಕದಿರುವುದೇ ಒಳಿತು.

ಸಾಲ: ಮೂರು ಬಗೆಯ ಒಪ್ಪಂದಗಳು

ಇವೆಲ್ಲಕ್ಕೂ ಹಣ ಬೇಕು, ಸಣ್ಣ ದೇಶಗಳು ಈಗಾಗಲೇ ಸಾಲದಲ್ಲಿವೆ. ಸೆಶೆಲ್ಸ್ 2016ರಲ್ಲಿ ಪೂರ್ಣಗೊಂಡ ಒಪ್ಪಂದದಲ್ಲಿ 2.16 ಕೋಟಿ ಡಾಲರ್ ಸಾಲವನ್ನು ನಿಸರ್ಗ ರಕ್ಷಣೆಯ ಸಂಸ್ಥೆಯಾದ ದಿ ನೇಚರ್ ಕನ್ಸರ್ವೆನ್ಸಿಯ ನೆರವಿನಿಂದ ಮರುಹೊಂದಿಸಿ, ಬದಲಿಗೆ ತನ್ನ ಸುಮಾರು 13.5 ಲಕ್ಷ ಚದರ ಕಿಲೋಮೀಟರ್ ಕಡಲಿನ ಶೇ. 30 ಭಾಗವನ್ನು ರಕ್ಷಿಸುವ ವಚನ ಕೊಟ್ಟು 2020ರಲ್ಲಿ ಅದನ್ನು ಪೂರೈಸಿತು. 2018ರಲ್ಲಿ ಅದು ಹೊರಡಿಸಿದ 1.5 ಕೋಟಿ ಡಾಲರ್‌ನ ನೀಲಿ ಬಾಂಡಿಗೆ (ಕಡಲಿಗೆ ಸಂಬಂಧಿಸಿದ ಕೆಲಸಗಳಿಗಾಗಿ ಎತ್ತುವ ಸಾಲದ ಪತ್ರಕ್ಕೆ) ವಿಶ್ವಬ್ಯಾಂಕ್ ಭಾಗಶಃ ಖಾತರಿ ನೀಡಿತು. ಕಡಲು ರಕ್ಷಣೆಯ ದೃಷ್ಟಿಯಿಂದ ಇವು ಯಶಸ್ವಿ, ಸಾಲ ಪರಿಹಾರದ ದೃಷ್ಟಿಯಿಂದ ಬಹಳ ಸಣ್ಣವು. ಬೆಲೀಜ್ 2021ರಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು: 55.3 ಕೋಟಿ ಡಾಲರ್ ಮೊತ್ತದ ವಿದೇಶಿ ಬಾಂಡನ್ನು ಡಾಲರಿಗೆ 55 ಸೆಂಟ್‌ನಂತೆ ಮರಳಿ ಕೊಂಡು, ಹೊಸದಾಗಿ 36.4 ಕೋಟಿಯ ಸಾಲ ಪಡೆದು, ವರ್ಷಕ್ಕೆ ಸುಮಾರು 40 ಲಕ್ಷ ಡಾಲರನ್ನು ಕಡಲ ರಕ್ಷಣೆಗೆ ವ್ಯಯಿಸಲು ಒಪ್ಪಿತು. ಚಂಡಮಾರುತ ಬಂದರೆ ಕಂತು ತುಂಬುವ ವಿಮೆಯೂ ಈ ಏರ್ಪಾಡಿನಲ್ಲಿ ಸೇರಿತ್ತು. ಬಾಂಡಿನ ಬೆಲೆ ಮೊದಲೇ ಕುಸಿದಿದ್ದರಿಂದ ಇದು ಸಾಧ್ಯವಾಯಿತು ಎಂಬುದನ್ನು ಗಮನದಲ್ಲಿಡಬೇಕು. ಸಾಲವನ್ನು ಸರಿಯಾಗಿ ತೀರಿಸುತ್ತಿರುವ ದೇಶಕ್ಕೆ ಇಂಥ ರಿಯಾಯಿತಿ ಸಿಗುವುದಿಲ್ಲ.

ಅಂಥ ದೇಶಕ್ಕೆ ಉರುಗ್ವೆಯ 2022ರ 150 ಕೋಟಿ ಡಾಲರ್ ಬಾಂಡ್ ಹೆಚ್ಚು ಸೂಕ್ತ. ಜಿಡಿಪಿಗೆ ಹೋಲಿಸಿದ ಹಸಿರುಮನೆ ಅನಿಲದ ಪ್ರಮಾಣ ಮತ್ತು ಸ್ಥಳೀಯ ಕಾಡಿನ ವಿಸ್ತೀರ್ಣ ಎಂಬ ಎರಡು ಗುರಿಗಳನ್ನು ತಪ್ಪಿದರೆ ದೇಶ ಹೆಚ್ಚಿನ ಬಡ್ಡಿ ತೆರಬೇಕು, ಗುರಿಯನ್ನು ಮೀರಿ ಸಾಧಿಸಿದರೆ ಬಡ್ಡಿ ಇಳಿಯುತ್ತದೆ. ಹಣವನ್ನು ಯಾವುದಕ್ಕೆ ಬಳಸಬೇಕೆಂದು ಹೊರಗಿನವರು ಹೇಳುವುದಿಲ್ಲ, ಆದರೆ ಅಳತೆಗೆ ವಿಶ್ವಾಸಾರ್ಹ ಅಂಕಿಅಂಶ ವ್ಯವಸ್ಥೆ ಬೇಕು.

ಮೂರನೆಯದು ಯಾವ ಹೆಸರಿನ ಹಸಿರು ಬಾಂಡೂ ಅಲ್ಲ, ಸಾಲಪತ್ರದಲ್ಲಿರುವ ಒಂದು ಕಲಮು. ಗ್ರೆನಡಾ 2015ರ ಸಾಲ ಪುನರ್ರಚನೆಯಲ್ಲಿ, ನಿಗದಿತ ಮಟ್ಟಕ್ಕಿಂತ ಹೆಚ್ಚು ನಷ್ಟ ಮಾಡುವ ಚಂಡಮಾರುತ ಬಂದರೆ ಕಂತುಗಳನ್ನು ಮುಂದೂಡುವ ಹಕ್ಕನ್ನು ಬರೆಸಿಕೊಂಡಿತು. 2024ರಲ್ಲಿ ಬೆರಿಲ್ ಚಂಡಮಾರುತದ ನಂತರ ಅದನ್ನು ಬಳಸಿತು ಮತ್ತು ಕಂತಿಗೆ ಹೋಗಬೇಕಿದ್ದ ಹಣ ಪುನರ್ನಿರ್ಮಾಣಕ್ಕೆ ಉಳಿಯಿತು. ಬಾರ್ಬಡೋಸ್ ಕೂಡ ತನ್ನ ಸಾಲಪತ್ರಗಳಲ್ಲಿ ಇಂಥ ಕಲಮನ್ನು ಸೇರಿಸಿದೆ. ಇದಕ್ಕೆ ಟೆಂಡರ್ ಬೇಡ, ಹೊಸ ಇಲಾಖೆ ಬೇಡ. ಆದರೆ ಸಾಲವನ್ನು ಬರೆಯುವಾಗ ಅಥವಾ ನವೀಕರಿಸುವಾಗ ಮಾತ್ರ ಕೇಳಿ ಪಡೆಯಬಹುದಾದದ್ದು ಇದು. ಆದ್ದರಿಂದ ಮುಂದಿನ ಒಂದೆರಡು ವರ್ಷಗಳಲ್ಲಿ ದೊಡ್ಡ ಸಾಲದ ಅವಧಿ ಮುಗಿಯಲಿರುವ ದೇಶ, ಗಾಳಿಯಂತ್ರದ ಟೆಂಡರಿಗೂ ಕಾಡಿನ ನಿಧಿಗೂ ಮುನ್ನ ತನ್ನ ಹಣಕಾಸು ಸಚಿವಾಲಯದ ಅತ್ಯಂತ ಸಮರ್ಥ ಅಧಿಕಾರಿಯನ್ನು ಈ ಮಾತುಕತೆಗೆ ಕಳುಹಿಸಬೇಕು. ಸಾಲದ ಅವಧಿ ಇನ್ನೂ ದೂರವಿರುವ ದೇಶ ಬಿಸಿನೀರಿನ ತೆರಿಗೆ ರಿಯಾಯಿತಿಯಿಂದ ಮತ್ತು ವಿದ್ಯುತ್ ಕಂಪನಿಯ ಸುಧಾರಣೆಯಿಂದ ಆರಂಭಿಸಬಹುದು.